ಇಪ್ಪತ್ತೇಳು ಡಿಗ್ರಿ

ಅಕ್ಕ ಬಂದ ಮರುದಿನ ಮಧ್ಯಾಹ್ನ, ಊಟ ಮುಗಿಸಿ ಅವಳೂ ತಮ್ಮನೂ ಅವನ ಹೆಂಡತಿಯೂ ಕೈ ತೊಳೆಯುತ್ತಿದ್ದಾಗ, ಯಾರೂ ಇಲ್ಲದ ಅಮ್ಮನ ಕೋಣೆಯಲ್ಲಿ ಎಸಿ ‘ಪೀಂ’ ಅಂತ ಸದ್ದು ಮಾಡಿ ನಿಂತುಹೋಯಿತು.

ನಿಂತರೆ ನಿಂತಿತು, ಯಂತ್ರ ಅಂದಮೇಲೆ ನಿಲ್ಲುವುದೂ ಉಂಟು ಅಂತ ನೀವು ಅನ್ನಬಹುದು. ಆದರೆ ಕೆಟ್ಟು ನಿಲ್ಲುವ ಎಸಿಗೂ ಹೇಳಿಸಿಕೊಂಡು ನಿಲ್ಲುವ ಎಸಿಗೂ ಅಜಗಜಾಂತರ. ಕೆಟ್ಟದ್ದು ತುಟಿಪಿಟಕ್ಕೆನ್ನದೆ ನಿಲ್ಲುತ್ತದೆ. ರಿಮೋಟಿನಿಂದ ಅಪ್ಪಣೆ ಬಂದಾಗ ಮಾತ್ರ ಹಾಗೆ ‘ಪೀಂ’ ಅಂದು, ಗಾಳಿ ಬಿಡುವ ರೆಕ್ಕೆಯನ್ನು ನಿಧಾನವಾಗಿ ಮಡಚಿಕೊಂಡು ಸುಮ್ಮನಾಗುತ್ತದೆ. ಇಪ್ಪತ್ತೆರಡು ವರ್ಷ ಎಸಿ ರಿಪೇರಿಯ ಕಸುಬಿನಲ್ಲೇ ಸವೆದ ತಮ್ಮನಿಗೆ, ಬೀದಿಯವರೆಲ್ಲ ‘ಎಸಿ ಡಾಕ್ಟ್ರು’ ಅಂತ ಕರೆಯುವವನಿಗೆ, ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಅವನು ಕೋಣೆಯ ಬಾಗಿಲಲ್ಲಿ ನಿಂತ.

ಆ ಎಸಿಗೆ ರಿಮೋಟೇ ಇರಲಿಲ್ಲ. ಅಮ್ಮ ತೀರಿಕೊಂಡ ದಿನ ಕಾಣೆಯಾದದ್ದು ಮತ್ತೆ ಸಿಕ್ಕಿರಲಿಲ್ಲ. ಆವತ್ತೇ ಗೋಡೆಯ ಸ್ವಿಚ್ಚು ಆರಿಸಿ ಬಾಗಿಲು ಹಾಕಿದ ಕೋಣೆಯನ್ನು ಹನ್ನೊಂದು ತಿಂಗಳ ಮೇಲೆ ಈಗ ತೆಗೆದಿದ್ದರು, ಅದೂ ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಬಂದ ಅಕ್ಕನಿಗೆ ಮಲಗಲು ಬೇರೆ ಜಾಗವಿಲ್ಲ ಎಂಬ ಕಾರಣಕ್ಕೆ. ಹಿಂದಿನ ಸಂಜೆ ಅವನೇ ಸ್ಟೂಲು ಹತ್ತಿ, ಮುಚ್ಚಳದ ಅಡಿಯಲ್ಲಿರುವ ಸಣ್ಣ ಗುಂಡಿಯನ್ನು ಬೆರಳಿನಿಂದ ಒತ್ತಿ ಎಸಿ ಶುರು ಮಾಡಿದ್ದ.

“ಕರೆಂಟ್ ಹೋಯ್ತೇನೋ?” ಅಂತ ಅಕ್ಕ ಹಿಂದಿನಿಂದ ಕೇಳಿದಳು.

“ಇಲ್ಲ, ಫ್ಯಾನ್ ತಿರುಗ್ತಾ ಇದೆ.”

ಸಂಜೆ ಐದಕ್ಕೆ ಐದಾರು ನಿಮಿಷ ಇರುವಾಗ ಮತ್ತೆ ‘ಪೀಂ’. ಈ ಸಲ ಅಕ್ಕ ಅಲ್ಲೇ ಮಂಚದ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಅವಳ ಕಣ್ಣೆದುರೇ ರೆಕ್ಕೆ ತೆರೆದುಕೊಂಡು, ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅವನೂ ಹೆಂಡತಿಯೂ ಓಡಿ ಬರುವಷ್ಟರಲ್ಲಿ ಲೋಟ ಕೈಜಾರಿ ಟೀ ನೆಲದ ಮೇಲೆ ಹರಿದಿತ್ತು.

“ಅಮ್ಮ ಬಂದಿದಾಳೆ ಕಣೋ,” ಅಂದಳು ಅಕ್ಕ. ಅವಳ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. “ಮಧ್ಯಾಹ್ನ ಆಫ್, ಸಾಯಂಕಾಲ ಆನ್. ಆವತ್ತು ಹೇಗಾಯ್ತೋ ಹಾಗೇ ಮಾಡಿ ತೋರಿಸ್ತಿದಾಳೆ. ಯಾರಿಗೆ ತೋರಿಸ್ತಿದಾಳೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?”

ಬಾಯಿಬಿಟ್ಟು ಹೇಳಲಿಲ್ಲ. ಆದರೆ ಪೊರೆ ಕವಿದ ಆ ಎರಡು ಕಣ್ಣುಗಳು ತಮ್ಮನ ಹೆಂಡತಿಯ ಮೇಲೆ ನೆಟ್ಟಿದ್ದವು. ಅವಳು ಬಟ್ಟೆ ತಂದು ನೆಲ ಒರೆಸಿ, ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಆವತ್ತಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಸೊಂಟ ಮುರಿದಿತ್ತೇ ಹೊರತು ಬಾಯಿಗೇನೂ ಆಗಿರಲಿಲ್ಲ. ಗುಜರಿಗೆ ಬಂದಿದ್ದ ಎರಡು ಎಸಿಗಳ ಒಳ್ಳೊಳ್ಳೆ ಭಾಗಗಳನ್ನು ಸೇರಿಸಿ ಮಗ ಅವಳ ಕೋಣೆಗೊಂದು ಎಸಿ ಕೂರಿಸಿದಾಗ, ಅದಕ್ಕೆ ‘ಗೋಡೆ ಮೇಲಿನ ಅಳಿಯ’ ಅಂತ ಹೆಸರಿಟ್ಟಳು. ಎತ್ತರದಲ್ಲಿ ಕೂತು ಗುರ್ ಅನ್ನುತ್ತಾನೆ, ವರ್ಷಕ್ಕೆರಡು ಸಲ ಮೈ ತೊಳೆಸಿಕೊಳ್ಳುತ್ತಾನೆ, ಆದರೂ ಮುಖ ಸಡಿಲಿಸುವುದಿಲ್ಲ ಅನ್ನುವುದು ಅವಳ ವರದಿ. ಅಕ್ಕನ ಗಂಡ ಎದುರಿಗೇ ಕೂತಿದ್ದರೂ ಹೇಳಿ ನಗುತ್ತಿದ್ದಳು. ಅವರು ಬೇರೆ ದಾರಿಯಿಲ್ಲದೆ ತಾವೂ ನಗುತ್ತಿದ್ದರು.

ಸೊಸೆ ಔಷಧಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಒಂದಕ್ಕೆ ಓಡೋಡಿ ಬಂದು ಅತ್ತೆಗೆ ಉಣ್ಣಿಸಿ, ಬಟ್ಟೆ ಬದಲಿಸಿ, ಒಂದೂವರೆಗೆ ವಾಪಸ್ಸು ಓಡುವುದು ಅವಳ ದಿನಚರಿ. ಆ ವಾರ ಬಿಸಿಲು ಮೈಮೇಲೆ ಬಿದ್ದಿತ್ತು. ಹಕ್ಕಿಗಳು ಕೂಡ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಆವತ್ತೂ ಅವಳು ಒಂದೂವರೆಗೇ ಹೊರಟಳು. ತಾನು ಹೊರಡುವಾಗ ಎಸಿ ಓಡುತ್ತಿತ್ತು ಅಂತ ಅವಳು ಹೇಳಿದ್ದು. ಎರಡೂವರೆಗೆ ಅಮ್ಮ ಅಕ್ಕನಿಗೆ ಫೋನ್ ಮಾಡಿದಳು: “ಎಸಿ ಯಾರೋ ಆಫ್ ಮಾಡಿದಾರೆ ಕಣೆ, ರಿಮೋಟು ಕೈಗೆ ಸಿಗ್ತಿಲ್ಲ, ಉಸಿರು ಕಟ್ತಾ ಇದೆ.” ಎಸಿಗೆಂದು ಕಿಟಕಿಗಳ ಸಂದನ್ನೆಲ್ಲ ಮಗನೇ ಅಂಟುಪಟ್ಟಿ ಹಾಕಿ ಮುಚ್ಚಿದ್ದ. ಫ್ಯಾನಿನ ಸ್ವಿಚ್ಚು ಬಾಗಿಲ ಪಕ್ಕದಲ್ಲಿತ್ತು, ಏಳಲಾಗದವಳಿಗೆ ಅದು ಬೇರೆ ಊರಿನಷ್ಟು ದೂರ. ಅಕ್ಕ ಇಬ್ಬರಿಗೂ ಫೋನ್ ಮಾಡಿದಳು. ಗೋದಾಮಿನಲ್ಲಿ ಫೋನುಗಳನ್ನು ಗೇಟಿನಲ್ಲೇ ಪೆಟ್ಟಿಗೆಗೆ ಹಾಕಿಸುತ್ತಾರೆ. ಅವನ ಫೋನು ಟೂಲ್ ಬ್ಯಾಗಿನ ಒಳಗಿತ್ತು, ಅವನು ಆರನೇ ಮಹಡಿಯ ಮೇಲಿನ ತಾರಸಿಯಲ್ಲಿ ಬ್ಯಾಗಿನಿಂದ ಮೂವತ್ತು ಹೆಜ್ಜೆ ಆಚೆ ಪೈಪು ಬೆಸೆಯುತ್ತಿದ್ದ. ಅಕ್ಕ ಬಸ್ಸು ಹತ್ತಿದಳು, ಅವಳದು ನಾಲ್ಕು ಗಂಟೆಯ ದಾರಿ.

ಐದೂಕಾಲಿಗೆ ಸೊಸೆ ಬಂದು ಬಾಗಿಲು ತೆಗೆದಾಗ ಎಸಿ ಓಡುತ್ತಿತ್ತು, ಕೋಣೆ ತಣ್ಣಗಿತ್ತು. ಅಮ್ಮನ ಬಲಗೈ ತಲೆಯ ಹಿಂದಕ್ಕೆ ಚಾಚಿತ್ತು. ಮೈ ಇನ್ನೂ ಸುಡುತ್ತಿತ್ತು, ಉಸಿರಿರಲಿಲ್ಲ. ಡಾಕ್ಟರು ನೋಡಿ, ಸೆಕೆಗೇ ಹೋಗಿದಾರೆ ಅಂದರು. ತಣ್ಣಗಿದ್ದ ಕೋಣೆಯಲ್ಲಿ ಸೆಕೆಗೆ ಹೋಗುವುದು ಹೇಗೆ ಅಂತ ಆಗ ಯಾರೂ ಅವರನ್ನು ಕೇಳಲಿಲ್ಲ. ಆಮೇಲೆ ಎಲ್ಲರೂ ತಮ್ಮತಮ್ಮಲ್ಲೇ ಕೇಳಿಕೊಂಡರು.

ಆ ಸಂಜೆಯೇ ಅವನು ಮುಚ್ಚಳ ಬಿಚ್ಚಿ ಎಸಿಯನ್ನು ಪರೀಕ್ಷೆ ಮಾಡಿದ. ಹೆಣ ಮನೆಯಲ್ಲಿರುವಾಗ ಮಗ ಸ್ಟೂಲು ಹತ್ತಿ ಎಸಿ ಬಿಚ್ಚಿದ ಅಂತ ಬಂದವರು ಆಡಿಕೊಂಡರು, ಆದರೆ ಅವನ ಕೈಗೆ ಬೇರೆ ಏನು ಮಾಡಲೂ ಗೊತ್ತಿರಲಿಲ್ಲ. ಗ್ಯಾಸು ಸರಿಯಿತ್ತು, ಬೋರ್ಡು ಸರಿಯಿತ್ತು, ವೈರಿನಲ್ಲಿ ಸುಟ್ಟ ಗುರುತಿಲ್ಲ. ಇಳಿದು ಬಂದು, “ಮಷೀನಲ್ಲಿ ಏನೂ ತಪ್ಪಿಲ್ಲ,” ಅಂದ. ಅವನು ಹೇಳಿದ್ದು ಮಷೀನಿನ ಮಾತು. ಕೇಳಿದವರ ಕಿವಿಯಲ್ಲಿ ಅದು ತೀರ್ಪಾಯಿತು. ಮಷೀನಿನದು ತಪ್ಪಲ್ಲ ಅಂದರೆ ಮನುಷ್ಯರದು, ಮನುಷ್ಯರಲ್ಲಿ ಆವತ್ತು ಮಧ್ಯಾಹ್ನ ಆ ಕೋಣೆಗೆ ಬಂದು ಹೋದವಳು ಒಬ್ಬಳೇ. ಆಫ್ ಮಾಡಿದಳು, ರಿಮೋಟು ಎತ್ತಿಕೊಂಡು ಹೋದಳು, ಸಂಜೆ ಬಂದು ಆನ್ ಮಾಡಿ ರಿಮೋಟನ್ನು ಎಲ್ಲೋ ಎಸೆದಳು. ಎಂಟು ತಿಂಗಳು ಹೇಲು ಉಚ್ಚೆ ಬಾಚಿ ಬೇಸತ್ತಿರಬೇಕು. ಅಕ್ಕ ಇದನ್ನು ಒಂದೇ ಸಲ ಹೇಳಲಿಲ್ಲ, ತುಂಡು ತುಂಡಾಗಿ, ಬೇರೆ ಬೇರೆಯವರ ಎದುರು ಹೇಳಿದಳು.

ಅವನು ಹೆಂಡತಿಯನ್ನು ಕೇಳಲೇ ಇಲ್ಲ. ಕೇಳಿದರೆ ಅನುಮಾನಪಟ್ಟ ಹಾಗಾಗುತ್ತದೆ ಅಂತ ಮೊದಲ ವಾರ ಸುಮ್ಮನಿದ್ದ. ಆಮೇಲೆ, ಕೇಳದೆ ಇದ್ದುಬಿಟ್ಟೆನಲ್ಲ, ಈಗ ಕೇಳಿದರೆ ಇಷ್ಟು ದಿನವೂ ಅನುಮಾನಪಟ್ಟಿದ್ದ ಹಾಗಾಗುತ್ತದೆ ಅಂತ ಸುಮ್ಮನಿದ್ದ. ಹೀಗೆ ಹನ್ನೊಂದು ತಿಂಗಳು ಕಳೆದವು. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಪಾತ್ರೆಯ ಅನ್ನ ಉಂಡು, ಉಪ್ಪು ಸಾಕಾ ಬೇಕಾ ಅನ್ನುವಷ್ಟೇ ಮಾತಾಡಿಕೊಂಡು ಗಂಡ ಹೆಂಡತಿ ದಿನ ದೂಡಿದರು. ಅವಳಲ್ಲ ಅಂತ ಅವನಿಗೆ ಗೊತ್ತಿತ್ತೇ? ಇತ್ತು ಅಂತ ಎದೆ ತಟ್ಟಿ ಹೇಳುವ ಧೈರ್ಯ ಅವನಿಗಿರಲಿಲ್ಲ, ಅದೇ ಅವನ ರೋಗ.

ಟೀ ಚೆಲ್ಲಿದ ಆ ಸಂಜೆ ಅವನು ಅಡುಗೆಮನೆಗೆ ಹೋದಾಗ ಅವಳು ಬೆನ್ನು ಹಾಕಿಕೊಂಡೇ ಕೇಳಿದಳು.

“ಎಲ್ಲರ ಮನೆ ರಿಮೋಟೂ ಓದ್ತೀರಲ್ಲ. ಇದನ್ನ ಓದೋಕಾಗಲ್ವಾ?”

“ಓದಬಹುದು. ಯಾವುದಾದ್ರೂ ರಿಮೋಟಿಂದ ಬರ್ತಿದ್ರೆ ಸಿಗುತ್ತೆ.”

“ಹಾಗಾದ್ರೆ ಓದಿ. ಏನು ಬಂತೋ ಅದನ್ನ ಅತ್ತಿಗೆ ಮುಂದೇನೇ ಹೇಳಿ.” ನಲ್ಲಿ ತಿರುಗಿಸಿ ಲೋಟ ತೊಳೆದಿಟ್ಟಳು. “ನಾನು ಅಂತ ಬಂದ್ರೆ ನಾನು ಅಂತಾನೇ ಹೇಳಿ. ಈ ಮನೇಲಿ ಸುಮ್ನಿರೋದು ಇನ್ನು ನನ್ನ ಕೈಲಾಗಲ್ಲ. ಅತ್ತಿಗೆ ಆಪರೇಷನ್ ಮುಗಿಸಿ ಹೊರಟ ದಿನಾನೇ ನಾನೂ ಹೊರಡ್ತೀನಿ.”

ಎಲ್ಲಿಗೆ ಅಂತ ಅವನು ಕೇಳಲಿಲ್ಲ, ಅದನ್ನೂ ಕೇಳಲಿಲ್ಲ.

ರಿಮೋಟು ಓದುವುದು ಅವನ ಹವ್ಯಾಸವೂ ಹೌದು, ಹೊಟ್ಟೆಪಾಡೂ ಹೌದು. ಜನ ಎಸಿಯನ್ನು ಹದಿನೈದು ವರ್ಷ ಇಟ್ಟುಕೊಳ್ಳುತ್ತಾರೆ, ರಿಮೋಟನ್ನು ಹದಿನೈದು ತಿಂಗಳಲ್ಲಿ ಕಳೆಯುತ್ತಾರೆ. ಕಂಪನಿಯವರು ಹಳೆಯದಕ್ಕೆ ಹೊಸ ರಿಮೋಟು ಮಾಡುವುದನ್ನೇ ನಿಲ್ಲಿಸಿರುತ್ತಾರೆ. ಅದಕ್ಕೆ ಅವನೊಂದು ದಾರಿ ಕಂಡುಕೊಂಡಿದ್ದ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಗುಜರಿ ಎಸಿಯೊಂದರಿಂದ ಕಿತ್ತ ಮೂರು ಕಾಲಿನ ಕಪ್ಪು ಕಣ್ಣು, ಮೂರು ತುಂಡು ವೈರು, ಕೀಲು ಸಡಿಲವಾದ ಒಂದು ಹಳೆ ಲ್ಯಾಪ್‌ಟಾಪು, ಇಷ್ಟೇ ಅವನ ಸರಂಜಾಮು. ರಿಮೋಟಿನ ಮೂತಿಯಿಂದ ಹೊರಡುವುದು ಮನುಷ್ಯರ ಕಣ್ಣಿಗೆ ಕಾಣದ ಬೆಳಕು, ಕೆಂಪಿನಿಂದ ಆಚೆಯದು. ಅದು ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತದೆ, ನಡುನಡುವೆ ಬಿಡುವು ಕೊಡುತ್ತದೆ. ಬಿಡುವು ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಆ ಕಪ್ಪು ಕಣ್ಣು ಅದನ್ನು ನೋಡಿ ಬೋರ್ಡಿಗೆ ಹೇಳುತ್ತದೆ, ಬೋರ್ಡು ಲೆಕ್ಕ ಹಾಕಿ ಲ್ಯಾಪ್‌ಟಾಪಿನ ಪರದೆ ಮೇಲೆ ಅಂಕಿಗಳ ಸಾಲು ಬರೆಯುತ್ತದೆ.

ಟಿವಿ ರಿಮೋಟು ಮಾತು ಕಡಿಮೆ. ಗುಂಡಿ ಒತ್ತಿದರೆ ಆ ಒಂದು ಗುಂಡಿಯ ಸುದ್ದಿ ಹೇಳಿ ಸುಮ್ಮನಾಗುತ್ತದೆ. ಎಸಿ ರಿಮೋಟು ಹಾಗಲ್ಲ. ಯಾವ ಗುಂಡಿ ಒತ್ತಿದರೂ ತನ್ನ ಇಡೀ ಸಂಸಾರದ ವರದಿ ಒಪ್ಪಿಸುತ್ತದೆ: ಆನೋ ಆಫೋ, ಎಷ್ಟು ಡಿಗ್ರಿ, ಗಾಳಿ ಜೋರೋ ಮೆಲ್ಲಗೋ, ರೆಕ್ಕೆ ಯಾವ ಕಡೆ, ಜೊತೆಗೆ ತನ್ನ ಗಡಿಯಾರದಲ್ಲಿ ಈಗ ಎಷ್ಟು ಹೊತ್ತು. ಯಾವ ಅಂಕಿ ಯಾವುದಕ್ಕೆ ಅಂತ ಕಂಪನಿಯವರು ಯಾರಿಗೂ ಹೇಳುವುದಿಲ್ಲ. ಒಂದೊಂದೇ ಗುಂಡಿ ಒತ್ತಿ, ಯಾವ ಜಾಗದ ಅಂಕಿ ಬದಲಾಯಿತು ಅಂತ ನೋಡಿ ನೋಡಿ ಅವನೇ ಕಂಡುಹಿಡಿದಿದ್ದ. ಅಮ್ಮನ ಎಸಿಯ ತರಹದ್ದೇ ನಾಲ್ಕು ಎಸಿಗಳಿಗೆ ಅವನು ರಿಮೋಟು ಮಾಡಿಕೊಟ್ಟಿದ್ದ. ಹೀಗಾಗಿ ಅದರ ಭಾಷೆ ಅವನಿಗೆ ನೀರು ಕುಡಿದಷ್ಟು ಸಲೀಸು.

ಮರುದಿನ ಒಂದೂವರೆಗೇ ಅವನು ಬೋರ್ಡನ್ನು ಸ್ಟೂಲಿನ ಮೇಲೆ, ಎಸಿಯ ಕೆಳಗೆ ಇಟ್ಟು, ಕಣ್ಣನ್ನು ಕೋಣೆಯ ಕಡೆ ತಿರುಗಿಸಿ ಕೂತ. ಹಾಸಿಗೆಯನ್ನು ಆವತ್ತೇ ಯಾರಿಗೋ ಕೊಟ್ಟಾಗಿತ್ತು. ಗೋಡೆಗೆ ಒತ್ತಿ ನಿಂತ ಭಾರದ ಮರದ ಮಂಚ ಮಾತ್ರ ಉಳಿದಿತ್ತು, ಅಕ್ಕ ಅದರ ಮೇಲೊಂದು ಚಾಪೆ ಹಾಸಿಕೊಂಡಿದ್ದಳು. ಎರಡು ದಿನ ರಜೆ ಹಾಕಿದ್ದ ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ಎಸಿಯ ಗುಂಯ್ ಸದ್ದಿನಲ್ಲಿ ಅಕ್ಕನ ಉಸಿರು ಕೇಳುತ್ತಿತ್ತು. ಒಂದು ಐವತ್ತಾಯಿತು. ಐವತ್ತೊಂದು, ಐವತ್ತೆರಡು. ಏನೂ ಆಗಲಾರದು ಅಂತ ಅವನಿಗೆ ಅನ್ನಿಸತೊಡಗಿತು, ಹಾಗೆ ಅನ್ನಿಸಿದ್ದರಿಂದ ಎದೆ ಹಗುರವೂ ಆಯಿತು.

ಐವತ್ತನಾಲ್ಕಕ್ಕೆ ‘ಪೀಂ’.

ಎಸಿ ರೆಕ್ಕೆ ಮಡಚಿತು. ಅದೇ ಗಳಿಗೆಯಲ್ಲಿ ಪರದೆಯ ಮೇಲೆ ಅಂಕಿಗಳ ಒಂದು ಸಾಲು ಮೂಡಿತು, ಒಂದಂಕಿಯೂ ಎಡವದ ಅಚ್ಚುಕಟ್ಟು ಸಾಲು. ನಿಜವಾದ ರಿಮೋಟು, ಇದೇ ಕಂಪನಿಯದು. ಅವನ ಕಣ್ಣು ಮೊದಲು ಹೋದದ್ದು ಡಿಗ್ರಿಯ ಜಾಗಕ್ಕೆ. ಇಪ್ಪತ್ತೇಳು. ಜನ ಇಪ್ಪತ್ತೆರಡಕ್ಕೆ ಇಡುತ್ತಾರೆ, ಹದಿನೆಂಟಕ್ಕೆ ಇಟ್ಟು ಕಂಬಳಿ ಹೊದೆಯುವವರೂ ಇದ್ದಾರೆ. ಅವನು ಕಂಡವರಲ್ಲಿ ಇಪ್ಪತ್ತೇಳಕ್ಕೆ ಇಡುತ್ತಿದ್ದವಳು ಅಮ್ಮ ಒಬ್ಬಳೇ. ಅದಕ್ಕಿಂತ ಕೆಳಗೆ ಹೋದರೆ ಮೂಳೆಗಳು ಬೈಯುತ್ತವೆ ಅನ್ನುತ್ತಿದ್ದಳು.

“ಏನಂತೆ?” ಅಂದಳು ಅಕ್ಕ, ಅಮ್ಮ ಪಕ್ಕದ ಕೋಣೆಯಿಂದ ಏನೋ ಕೂಗಿ ಹೇಳಿದ ಹಾಗೆ.

ಅವನು ಗಡಿಯಾರದ ಜಾಗದ ಅಂಕಿಗಳನ್ನು ಬಿಡಿಸುತ್ತಿದ್ದ. ಬೆಳಿಗ್ಗೆ ಐದು ಗಂಟೆ ಸೊನ್ನೆ ನಿಮಿಷ. ತಪ್ಪಾಗಿ ಓದಿದೆನೇನೋ ಅಂತ ಮತ್ತೆ ಬಿಡಿಸಿದ. ಐದು ಗಂಟೆಯೇ. ಹೊರಗೆ ಮಧ್ಯಾಹ್ನದ ಬಿಸಿಲು ಕಾಯುತ್ತಿರುವಾಗ ಎಲ್ಲೋ ಕೂತ ಆ ರಿಮೋಟಿನಲ್ಲಿ ಬೆಳಗಿನ ಜಾವ. ಎಂಟು ಗಂಟೆ ಐವತ್ತನಾಲ್ಕು ನಿಮಿಷ ಹಿಂದೆ. ಹನ್ನೊಂದು ತಿಂಗಳಲ್ಲಿ ಇಂಥ ಗಡಿಯಾರ ನಾಲ್ಕು ನಿಮಿಷ ಹಿಂದೆ ಬೀಳುವುದು ಸಹಜ. ಅದನ್ನು ಕಳೆದರೆ ಉಳಿಯುವುದು ಎಂಟು ಐವತ್ತು.

ಎಂಟು ಐವತ್ತು. ಅವನಿಗೆ ಎಲ್ಲವೂ ಒಟ್ಟಿಗೆ ನೆನಪಾಯಿತು. ಆವತ್ತು ಬೆಳಿಗ್ಗೆ ಹೆಗಲಿಗೆ ಬ್ಯಾಗು ಏರಿಸಿಕೊಂಡು, ಒಂದು ಕಾಲಿಗೆ ಬೂಟು ಹಾಕಿಕೊಂಡು, ಗಡಿಯಾರ ನೋಡಿ ಒಂಬತ್ತಕ್ಕೆ ಹತ್ತೇ ನಿಮಿಷ ಅಂತ ಗಡಿಬಿಡಿಯಲ್ಲಿದ್ದ. ರಿಮೋಟಿನ ಸೆಲ್ಲು ಮುಗಿದಿದೆ ಅಂತ ಅಮ್ಮ ಕೂಗಿದಳು. ಹಳೆಯದನ್ನು ಕಿತ್ತು ಬ್ಯಾಗಿನಲ್ಲಿದ್ದ ಎರಡು ಹೊಸ ಸೆಲ್ಲು ತುರುಕಿದ. ಸೆಲ್ಲು ಹಾಕಿದೊಡನೆ ಇಂಥ ರಿಮೋಟಿನ ಗಡಿಯಾರ ರಾತ್ರಿ ಹನ್ನೆರಡರಿಂದ ಶುರುವಾಗುತ್ತದೆ. ಸರಿಯಾದ ಹೊತ್ತನ್ನು ಕೂರಿಸಬೇಕು. ಯಾವ ಮೆಕ್ಯಾನಿಕ್ಕೂ ಕೂರಿಸುವುದಿಲ್ಲ. ಯಾರೂ ಟೈಮರ್ ಮುಟ್ಟುವುದಿಲ್ಲ, ಗಡಿಯಾರ 12 ಅಂದರೇನು 6 ಅಂದರೇನು? ಇಪ್ಪತ್ತೆರಡು ವರ್ಷದಲ್ಲಿ ಅವನು ಸಾವಿರಾರು ರಿಮೋಟುಗಳಿಗೆ ಸೆಲ್ಲು ಹಾಕಿದ್ದ, ಒಂದರ ಗಡಿಯಾರವನ್ನೂ ತಿದ್ದಿರಲಿಲ್ಲ.

ಆವತ್ತು ಅಮ್ಮ ಕೇಳಿದಳು, “ಬೆಳಗಿನ ಜಾವ ಮಂಡಿ ಹಿಡ್ಕೊಳ್ಳುತ್ತೆ ಮಗಾ. ಐದಕ್ಕೆ ತಾನೇ ನಿಂತು ಎಂಟಕ್ಕೆ ತಾನೇ ಶುರುವಾಗೋ ಹಾಗೆ ಇದ್ರಲ್ಲಿ ಇದೆಯಂತಲ್ಲ, ಹೇಗದು?” ಇನ್ನೊಂದು ಬೂಟು ಹಾಕಿಕೊಳ್ಳುತ್ತಲೇ ಅವನು ಹೇಳಿಕೊಟ್ಟ. ಈ ಗುಂಡಿ ಒತ್ತು, ಐದು ಬರೋವರೆಗೂ ಒತ್ತು, ಆಮೇಲೆ ಇದು, ಎಂಟು ಬರೋವರೆಗೂ, ಅಷ್ಟೇ, ದಿನಾ ತಾನೇ ಮಾಡುತ್ತೆ. ಈ ವಯಸ್ಸಿನಲ್ಲಿ ಇವಳಿಗೆಲ್ಲಿ ಬರುತ್ತೆ ಅಂದುಕೊಂಡು ಬೈಕು ಹತ್ತಿದವನು ಆ ಮಾತನ್ನು ಅಲ್ಲೇ ಮರೆತಿದ್ದ.

ಅವಳಿಗೆ ಬಂದಿತ್ತು. ಐದು ಅಂತ ಇಟ್ಟಳು, ಎಂಟು ಅಂತ ಇಟ್ಟಳು, ಎರಡನ್ನೂ ಸರಿಯಾಗಿಯೇ ಇಟ್ಟಳು. ರಿಮೋಟಿನ ಐದು ಗಂಟೆ ಹೊರಗಿನ ಮಧ್ಯಾಹ್ನ ಒಂದು ಐವತ್ತಕ್ಕೆ ಬಂತು, ಸೊಸೆ ಬೀದಿ ದಾಟಿ ಹೋದ ಇಪ್ಪತ್ತು ನಿಮಿಷಕ್ಕೆ.

“ಲೋ, ಏನಂತೆ ಹೇಳೋ,” ಅಂತ ಅಕ್ಕ ಮತ್ತೆ ಕೇಳಿದಳು. ಹೆಂಡತಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಿದ್ದಳು. ಆ ಅಂಕಿಗಳನ್ನು ಓದಬಲ್ಲವನು ಮನೆಯಲ್ಲಿ ಅವನೊಬ್ಬನೇ.

“ಏನೂ ಇಲ್ಲ. ಟ್ಯೂಬ್‌ಲೈಟಿನ ಗಲಾಟೆ,” ಅಂದ ಅವನು. “ಕೆಲವು ಟ್ಯೂಬ್‌ಲೈಟಿಂದ ಹೀಗೆ ಸುಳ್ಳು ಸಿಗ್ನಲ್ ಬರುತ್ತೆ.”

“ರಿಮೋಟ್ ಅಲ್ಲ ಅಂತಾಯ್ತಲ್ಲ,” ಅಂದಳು ಅಕ್ಕ. “ನಾನು ನಿನ್ನೆನೇ ಹೇಳ್ಲಿಲ್ವಾ?”

ಹೆಂಡತಿ ತಿರುಗಿ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೀರುವಿನ ಬಾಗಿಲು ತೆಗೆದ ಸದ್ದು, ಬಟ್ಟೆ ಮಡಚುವ ಸದ್ದು ಕೇಳಿತು.

ಅವನು ತಾರಸಿಗೆ ಹೋಗಿ, ಎಸಿಯ ಹೊರಗಿನ ಪೆಟ್ಟಿಗೆಯ ಪಕ್ಕ, ಒಂದು ಮೊಳ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತ. ಸಿಮೆಂಟು ಕಾದ ಹೆಂಚಾಗಿತ್ತು. ಇಷ್ಟು ಸೆಕೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಮೂರು ಗಂಟೆ. ಅವನು ಅತ್ತ. ಅತ್ತು ಮುಗಿದ ಮೇಲೆ ಅವನ ತಲೆ ತನ್ನ ಕಸುಬಿಗೆ ಹಿಂತಿರುಗಿತು, ಅದೊಂದು ನಾಚಿಕೆಗೇಡಿನ ವಿಷಯ. ಬೋರ್ಡು ಹೋಗಿದೆ ಅಂದರೆ ಹೇಗೆ? ಆವತ್ತೂ ಬೋರ್ಡೇ ಕೆಟ್ಟಿತ್ತು, ನನಗೇ ಸಿಕ್ಕಿರಲಿಲ್ಲ, ಈಗ ಸಿಕ್ಕಿತು. ಎಸಿ ಡಾಕ್ಟರ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಹೆಂಡತಿಯ ಮೇಲಿನ ಮಾತು ಹೋಗುತ್ತದೆ, ತನ್ನ ತಲೆಗೂ ಬರುವುದಿಲ್ಲ. ಇಬ್ಬರೂ ಬದುಕಿಕೊಳ್ಳುತ್ತಾರೆ. ಅದಕ್ಕೆ ಒಂದೇ ಅಡ್ಡಿ, ಆ ರಿಮೋಟು ಇನ್ನೂ ಕೋಣೆಯಲ್ಲೇ ಎಲ್ಲೋ ಇದೆ.

ಹನ್ನೊಂದು ತಿಂಗಳಿಂದ ಇತ್ತು ಅನ್ನುವುದು ಆಗ ಅವನಿಗೆ ಹೊಳೆಯಿತು. ಸ್ವಿಚ್ಚು ಆರಿಸಿ ಬಾಗಿಲು ಹಾಕಿದ ಕತ್ತಲ ಕೋಣೆಯಲ್ಲಿ, ಅದು ದಿನಕ್ಕೆರಡು ಸಲ ತಪ್ಪದೆ ಮಿಡಿದಿತ್ತು. ನಿಲ್ಲು ಅಂತ ಒಂದು ಸಲ, ಶುರುವಾಗು ಅಂತ ಒಂದು ಸಲ. ಎಸಿಗೆ ಕರೆಂಟಿರಲಿಲ್ಲ, ಕೇಳಿಸಿಕೊಳ್ಳುವವರು ಇರಲಿಲ್ಲ. ಗೋಡೆಯ ಈಚೆ ಅವನು ದಿನವೂ ಊಟಕ್ಕೆ ಕೂತಿದ್ದ.

ನಾಲ್ಕೂ ಮುಕ್ಕಾಲಿಗೆ ಅಕ್ಕ ಹಜಾರಕ್ಕೆ ಎದ್ದು ಬಂದದ್ದನ್ನು ನೋಡಿಕೊಂಡು ಅವನು ಕೋಣೆಗೆ ಹೋದ. ಸೆಲ್ಲು ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು ಅನ್ನುವುದು ಅವನ ಲೆಕ್ಕ. ಅಮ್ಮನ ಕೈ ತಲೆಯ ಹಿಂದಕ್ಕೆ ಚಾಚಿತ್ತು ಅಂತ ಹೆಂಡತಿ ಹೇಳಿದ್ದನ್ನು ನೆನೆದು, ಮಂಚದ ತಲೆಹಲಗೆಯ ಬಳಿ ಮಂಡಿಯೂರಿದ. ಹಲಗೆಗೂ ಗೋಡೆಗೂ ನಡುವೆ ಎರಡು ಬೆರಳಿನ ಸಂದು. ಹೆಗಲು ಕೊಟ್ಟು ಮಂಚ ಸರಿಸಿದ. ಹಲಗೆಯ ಬೆನ್ನಿನ ಅಡ್ಡಪಟ್ಟಿಯ ಮೇಲೆ, ಧೂಳಿನ ನಡುವೆ, ಮೂತಿ ಮೇಲೆ ಮಾಡಿಕೊಂಡು ರಿಮೋಟು ನೆಟ್ಟಗೆ ನಿಂತಿತ್ತು. ಅದರ ಬೆಳಕು ಸುಣ್ಣ ಬಳಿದ ಗೋಡೆಗೂ ಛಾವಣಿಗೂ ಬಡಿದು ಎಸಿಯನ್ನು ತಲುಪುತ್ತಿತ್ತು. ಸೆಕೆ ಏರಿದಾಗ ಅವಳು ತಲೆಹಲಗೆ ಮೇಲಿಟ್ಟಿದ್ದ ರಿಮೋಟಿಗೆ ಕೈ ಚಾಚಿದ್ದಾಳೆ, ಅದು ಬೆರಳಿಗೆ ತಗುಲಿ ಹಿಂದಕ್ಕೆ ಜಾರಿದೆ.

ಕೈಗೆತ್ತಿಕೊಂಡಾಗ ಅದರ ಪುಟ್ಟ ಪರದೆಯಲ್ಲಿ 7:59 ಇತ್ತು. ಸೆಲ್ಲಿನ ಮುಚ್ಚಳಕ್ಕೆ ಹೆಬ್ಬೆರಳು ಇಟ್ಟ. ಒತ್ತುವ ಮೊದಲೇ 8:00 ಆಯಿತು. ಅವನ ಅಂಗೈಯಿಂದಲೇ ಅಪ್ಪಣೆ ಹೊರಟು, ಎಸಿ ‘ಪೀಂ’ ಅಂತು, ರೆಕ್ಕೆ ತೆರೆಯಿತು.

“ಸಿಕ್ತಾ?”

ಹೆಂಡತಿ ಬಾಗಿಲಲ್ಲಿದ್ದಳು. ಅವಳ ಹಿಂದೆ ಅಕ್ಕ.

“ಮಂಚದ ಹಿಂದಿತ್ತು,” ಅಂದ ಅವನು. “ಟೈಮರ್ ಇದೆ ಇದ್ರಲ್ಲಿ. ಬೆಳಗಿನ ಜಾವ ಮಂಡಿ ಹಿಡ್ಕೊಳ್ಳುತ್ತೆ ಅಂತ ಅಮ್ಮ ಇಟ್ಕೊಂಡಿದ್ದು. ದಿನಾ ಅದೇ ಹೊತ್ತಿಗೆ ತಾನೇ ಕಳಿಸುತ್ತೆ.”

ಅಕ್ಕ ತಡವರಿಸಿಕೊಂಡು ಬಂದು ಮಂಚದ ಅಂಚಿನಲ್ಲಿ ಕೂತಳು. “ಅಮ್ಮನೇ ಇಟ್ಕೊಂಡಿದ್ದಾ? ಆಫ್ ಆಗಿದ್ದು, ಆನ್ ಆಗಿದ್ದು, ಎರಡೂನಾ?” ಅಂತ ಕೇಳಿ, ಅವನು ತಲೆಯಾಡಿಸಿದ್ದು ಕಂಡು, ಪಕ್ಕಕ್ಕೆ ಬಂದು ನಿಂತಿದ್ದ ತಮ್ಮನ ಹೆಂಡತಿಯ ಕೈ ಹಿಡಿದುಕೊಂಡಳು. “ಅಯ್ಯೋ ನನ್ನ ಬಾಯಿಗೆ ಹುಳ ಬೀಳ! ಏನೇನೆಲ್ಲ ಅಂದ್ಬಿಟ್ನಲ್ಲೇ ನಿನ್ನ!” ಅವಳ ಅಳು ನಿಜವಾದದ್ದೇ. ಅಳುತ್ತಲೇ ಅಂದಳು, “ಅವಳಿಗೂ ವಯಸ್ಸಾಗಿತ್ತು ಬಿಡು. ಬುದ್ಧಿ ಎಲ್ಲಿತ್ತು? ಬೆಳಗಿನ ಜಾವಕ್ಕೆ ಇಡಬೇಕಾಗಿದ್ದನ್ನ ಮಧ್ಯಾಹ್ನಕ್ಕೆ ಇಟ್ಕೊಂಡು, ತನ್ನ ಕೈಯಾರೆ...”

ಅಲ್ಲಿಗೆ ಮುಗಿಯಬಹುದಿತ್ತು. ಹೆಂಡತಿಯ ಮುಖದಲ್ಲಿ ಹನ್ನೊಂದು ತಿಂಗಳಲ್ಲಿ ಮೊದಲ ಸಲ ಬಿಗಿತ ಸಡಿಲವಾದದ್ದನ್ನು ಅವನು ಕಂಡ. ಇನ್ನು ಯಾರೂ ಏನೂ ಕೇಳುವುದಿಲ್ಲ. ಹೆಂಡತಿ ಬಚಾವು, ತಾನು ಬಚಾವು, ತಪ್ಪು ಹೊರಲು ಸತ್ತವಳೊಬ್ಬಳು ಸಿಕ್ಕಿದ್ದಳು. ಬುದ್ಧಿ ಎಲ್ಲಿತ್ತು ಅನ್ನುವ ಮಾತು ಮಾತ್ರ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

“ಅಮ್ಮ ಸರಿಯಾಗೇ ಇಟ್ಟಿದ್ಲು,” ಅಂದ.

ಇಬ್ಬರೂ ತಿರುಗಿ ನೋಡಿದರು. ಅವನು ಮಂಡಿಯೂರಿದಲ್ಲಿಂದ ಏಳದೆ ಹೇಳಿದ. ಸೆಲ್ಲು ಹಾಕಿದ್ದು, ಗಡಿಯಾರ ತಿದ್ದದೆ ಹೋದದ್ದು, ಒಂದು ಬೂಟಿನಲ್ಲಿ ನಿಂತು ಟೈಮರ್ ಹೇಳಿಕೊಟ್ಟದ್ದು, ಎಲ್ಲ. ಹೆಂಡತಿ ಬಿಡುವಿದ್ದ ಕೈ ಚಾಚಿ ರಿಮೋಟನ್ನು ಅವನ ಕೈಯಿಂದ ತೆಗೆದುಕೊಂಡಳು. ಅದರಲ್ಲಿ 8:06 ಇತ್ತು. ಹಜಾರದ ಗಡಿಯಾರದತ್ತ ನೋಡಿದಳು, ಐದು ಗಂಟೆ. ಮತ್ತೆ ರಿಮೋಟು ನೋಡಿದಳು. ಲೆಕ್ಕ ಅವಳಿಗೂ ಸಿಕ್ಕಿತು.

“ಯಾವಾಗ ಗೊತ್ತಾಯ್ತು ನಿಮಗೆ?”

“ಆಗಲೇ. ಲ್ಯಾಪ್‌ಟಾಪಲ್ಲಿ ಬಂದಾಗ.”

“ಟ್ಯೂಬ್‌ಲೈಟು ಅಂದ್ರಿ.”

“ಹೂಂ.”

“ಎರಡು ಗಂಟೆಯಿಂದ ಐದು ಗಂಟೆ,” ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಒಳಗೆ ಬಟ್ಟೆ ಮಡಚ್ತಾ ಇದ್ದೆ. ನಿಮಗೆ ಕೇಳಿಸ್ತಿತ್ತು. ಅತ್ತೆಗೂ ಮೂರೇ ಗಂಟೆ ಆಗಿದ್ದು.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಅವಳ ಹಿಡಿತದಿಂದ ಹೆಂಡತಿ ತನ್ನ ಇನ್ನೊಂದು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಗಂಡನ ಎದುರು ನೆಲದ ಮೇಲೆಯೇ ಕೂತಳು.

“ಈಗ ಕೇಳಿ,” ಅಂದಳು.

“ಏನು?”

“ಆವತ್ತು ಕೇಳಬೇಕಾಗಿತ್ತಲ್ಲ, ಅದನ್ನ.”

“ಈಗೆಲ್ಲ ಗೊತ್ತಾಯ್ತಲ್ಲ...”

“ನಿಮಗೆ ಗೊತ್ತಾಯ್ತು. ನನ್ನನ್ನ ಯಾರೂ ಕೇಳಿಲ್ಲ. ಕೇಳಿದ್ರೆ ತಾನೇ ನಾನು ಹೇಳೋಕೆ? ಕೇಳಿ.”

ಎಸಿ ಗುಂಯ್ ಅನ್ನುತ್ತಿತ್ತು. ಕೇಳುವುದೇನೂ ಇಲ್ಲದ ಮೇಲೆ ಕೇಳುವುದು ಇಷ್ಟು ಕಷ್ಟ ಅಂತ ಅವನು ಎಣಿಸಿರಲಿಲ್ಲ.

“ಆವತ್ತು ಎಸಿ ಆಫ್ ಮಾಡಿದ್ದು ನೀನಾ?”

ಅವಳು ಅವನ ಕಣ್ಣನ್ನೇ ನೋಡಿದಳು.

“ಅಲ್ಲ,” ಅಂದಳು.

ಅಷ್ಟು ಹೇಳಿ, ಅಲ್ಲಿಯೇ ನೆಲದ ಮೇಲೆ ಮುದುಡಿಕೊಂಡು, ಹನ್ನೊಂದು ತಿಂಗಳ ಹಿಂದೆ ಅತ್ತೆಗಾಗಿ ಅಳಬೇಕಾಗಿದ್ದ ಅಳುವನ್ನೆಲ್ಲ ಅತ್ತಳು. ಅವನು ಕೈ ಚಾಚಿದ. ಅವಳು ಆ ಕೈಯನ್ನು ಹಿಡಿಯಲೂ ಇಲ್ಲ, ದೂಡಲೂ ಇಲ್ಲ.